ನೀನೇನು ತಪ್ಪು ಮಾಡಿದೆಯಪ್ಪಾ?

ಚಿಕ್ಕಪ್ಪ ತೀರಿಕೊಂಡ ಮೂರನೆಯ ದಿನ ನನ್ನ ಅಕ್ಕನ ಮಗ ಮೆಲ್ಬರ್ನ್‌ನಿಂದ ಬಂದ. ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತನಾಡುವಾಗ ಮಾತ್ರ ಪದಗಳಿಗೆ ತಡಕಾಡುತ್ತಾನೆ. ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದ ಚಿಕ್ಕಮ್ಮನ ಪಕ್ಕದಲ್ಲಿ ಮಂಡಿಯೂರಿ, ಅವರ ಕೈ ಹಿಡಿದುಕೊಂಡು "ಸಾರಿ ಅಜ್ಜಿ" ಎಂದ. ಚಿಕ್ಕಮ್ಮ ಗಾಬರಿಯಿಂದ ಅವನ ಮುಖ ನೋಡಿದರು. "ನೀನೇನು ತಪ್ಪು ಮಾಡಿದೆಯಪ್ಪಾ? ಅವರ ಆಯುಸ್ಸು ಇದ್ದದ್ದೇ ಅಷ್ಟು" ಎಂದು ಅವನ ತಲೆ ಸವರಿದರು. ಹುಡುಗ ಬಾಯಿ ತೆರೆದವನು ಹಾಗೆಯೇ ಮುಚ್ಚಿಕೊಂಡ.

ಅವತ್ತಿನಿಂದ ಈ ಒಂದು ಪದ ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ.

ನಾವು ದಿನಕ್ಕೆ ಹತ್ತು ಬಾರಿ ಸಾರಿ ಹೇಳುತ್ತೇವೆ. ಬಸ್ಸಿನಲ್ಲಿ ಯಾರದೋ ಕಾಲು ತುಳಿದರೆ ಸಾರಿ, ತಡವಾಗಿ ಬಂದರೆ ಸಾರಿ, ಚಿಲ್ಲರೆ ಇಲ್ಲದಿದ್ದರೂ ಸಾರಿ. ನಮಗೆ ಅದು ತಪ್ಪಿಗೆ ಅಂಟಿಕೊಂಡ ಪದ. ತಪ್ಪಿಲ್ಲದ ಕಡೆ ಅದಕ್ಕೇನು ಕೆಲಸ ಎಂಬುದು ಚಿಕ್ಕಮ್ಮನ ಪ್ರಶ್ನೆ. ಆದರೆ ಪದದ ಹುಟ್ಟನ್ನು ಹುಡುಕುತ್ತಾ ಹೋದರೆ ಅಲ್ಲಿ ತಪ್ಪು ಎಂಬುದರ ಸುಳಿವೇ ಇಲ್ಲ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇದು 'ಸಾರಿಗ್'. ಅದು ಬಂದದ್ದು 'ಸಾರ್' ಎಂಬ ಪದದಿಂದ. ಸಾರ್ ಎಂದರೆ ನೋವು, ಗಾಯ. ಗಂಟಲು ಕೆಟ್ಟಾಗ ವೈದ್ಯರು 'ಸೋರ್ ಥ್ರೋಟ್' ಎನ್ನುತ್ತಾರಲ್ಲ, ಆ ಸೋರ್ ಅದೇ ಸಾರ್. ಹಾಗಾಗಿ ಸಾರಿಗ್ ಎಂದರೆ ನೋವು ತುಂಬಿದವನು, ನೊಂದವನು. 'ನಾನು ಸಾರಿ' ಎಂದರೆ 'ನಾನು ನೊಂದಿದ್ದೇನೆ' ಎಂದಷ್ಟೇ. ಅದು ಕ್ಷಮೆ ಕೇಳುವ ಮಾತಾದದ್ದು ಎಷ್ಟೋ ಕಾಲದ ಮೇಲೆ.

ದುಃಖ ಎಂಬರ್ಥದ 'ಸಾರೋ' ಪದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ ಎಂದೇ ನಾನು ಬಹುಕಾಲ ತಿಳಿದಿದ್ದೆ. ಇಲ್ಲ, ಎರಡರ ಬೇರೂ ಬೇರೆ. ಸಾರೋ ಹುಟ್ಟಿದ್ದು 'ಸೊರ್ಗ್' ಎಂಬ ಪದದಿಂದ. ಜರ್ಮನ್ನಿನಲ್ಲಿ ಚಿಂತೆ ಎಂಬರ್ಥದಲ್ಲಿ ಅದರ ಒಡಹುಟ್ಟು ಇಂದಿಗೂ ಇದೆ. ಈ ಎರಡು ಪದಗಳೂ ಶತಮಾನಗಟ್ಟಲೆ ಒಂದೇ ಓಣಿಯಲ್ಲಿ ಬಾಳಿ ಮುಖಚಹರೆಯಲ್ಲೂ ಹೋಲತೊಡಗಿದವು. ಆ ಹಳೆಯ ಸಾರ್‌ನ ಜರ್ಮನ್ ಸೋದರ 'ಝೇರ್' ಇನ್ನೊಂದು ದಾರಿ ಹಿಡಿಯಿತು. ನೋವು ಎಂಬ ಅರ್ಥವನ್ನೆಲ್ಲ ಕಳೆದುಕೊಂಡು ಈಗ ಬರೀ 'ತುಂಬಾ' ಎಂದು ಉಳಿದಿದೆ. ನಾವು 'ಭಯಂಕರ ರುಚಿ' ಎನ್ನುವಾಗ ಅಲ್ಲಿ ಭಯ ಎಲ್ಲಿದೆ? ಹಾಗೆ.

ಇನ್ನು ನಮ್ಮ ಕಡೆ ಬನ್ನಿ. 'ತಪ್ಪಾಯಿತು' ಎನ್ನುತ್ತೇವೆ. ಬಸ್ಸು ತಪ್ಪಿತು, ದಾರಿ ತಪ್ಪಿತು, ಗುರಿ ತಪ್ಪಿತು ಎನ್ನುವಾಗಿನ ತಪ್ಪೇ ಅದು: ಸೇರಬೇಕಾದ ಕಡೆ ಸೇರದೆ ಜಾರಿದ್ದು. ಆಮೇಲೆ 'ಕ್ಷಮಿಸಿ' ಎನ್ನುತ್ತೇವೆ. ಸಂಸ್ಕೃತದ ಆ ಧಾತುವಿಗೆ ತಾಳಿಕೊಳ್ಳುವುದು ಎಂದರ್ಥ. ಎಲ್ಲವನ್ನೂ ತಾಳಿಕೊಳ್ಳುವ ಭೂಮಿಗೆ ಕ್ಷಮಾ ಎಂಬ ಹೆಸರೇ ಇದೆ. ಹಳ್ಳಿಯ ಹಿರಿಯರು 'ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ' ಎನ್ನುವುದನ್ನು ಕೇಳಿದ್ದೀರಿ. ಅದೂ ಇದೇ ಮಾತು: ನಾನು ಕೊಟ್ಟ ನೋವನ್ನು ನೀವು ನುಂಗಿಕೊಳ್ಳಿ.

ಇಲ್ಲಿಗೆ ಬಂದಾಗ ನಾನು ನಿಂತುಬಿಟ್ಟೆ. ನಮ್ಮ ಪದಗಳು ತಪ್ಪನ್ನು ಒಪ್ಪಿಕೊಳ್ಳುತ್ತವೆ, ನಿಜ. ಆದರೆ ನೋವನ್ನು ಹೊರುವ ಭಾರವನ್ನು ನೊಂದವರ ಹೆಗಲಿಗೇ ಬಿಡುತ್ತವೆ. ನಾವು ಅಗ್ಗ ಮಾಡಿಕೊಂಡಿರುವ ಆ ಸಾರಿ, ತಪ್ಪಿನ ಮಾತೆತ್ತದಿದ್ದರೂ, 'ನಿನ್ನ ನೋವು ನನಗೂ ಆಗಿದೆ' ಎನ್ನುತ್ತದೆ. ನನಗೆ ಈಗ ಎರಡೂ ಬೇಕು ಅನ್ನಿಸುತ್ತಿದೆ. ಒಂದನ್ನು ಹೇಳಿ ಇನ್ನೊಂದನ್ನು ನುಂಗಿದರೆ ಅದು ಅರ್ಧ ಮಾತು.

ಈ ಅರ್ಧ ಮಾತಿನ ಸುತ್ತ ಒಂದು ದೇಶವೇ ಹತ್ತು ವರ್ಷ ಜಗಳವಾಡಿದೆ. ಆಸ್ಟ್ರೇಲಿಯಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರವೇ ತಾಯಂದಿರಿಂದ ಕಿತ್ತು ಅನಾಥಾಲಯಗಳಿಗೆ, ಮಿಷನ್‌ಗಳಿಗೆ, ಬಿಳಿಯರ ಮನೆಗಳಿಗೆ ಸೇರಿಸುತ್ತಿತ್ತು. 1997ರಲ್ಲಿ ಸಂಸತ್ತಿನ ಮುಂದೆ ಬಂದ ವಿಚಾರಣಾ ವರದಿಯ ಅಂದಾಜಿನ ಪ್ರಕಾರ, 1910ರಿಂದ 1970ರವರೆಗೆ ಹೀಗೆ ಕಳೆದುಹೋದವರು ಹತ್ತು ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಲ್ಲಿ ಒಂದರವರೆಗೆ. ನೊಂದವರು ಕೇಳಿದ್ದು ಒಂದು ಪದವನ್ನು. ಪ್ರಧಾನಿ ಜಾನ್ ಹೊವಾರ್ಡ್ ಒಪ್ಪಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಈ ತಲೆಮಾರು ಅಪರಾಧ ಹೊರಬೇಕಿಲ್ಲ ಎಂಬುದು ಅವರ ವಾದ. 1999ರಲ್ಲಿ ಸಂಸತ್ತಿನ ನಿರ್ಣಯದಲ್ಲಿ ವಿಷಾದ ಎಂಬ ಪದ ಬಂತು, ಸಾರಿ ಬರಲಿಲ್ಲ. ನಮ್ಮ ಪತ್ರಿಕೆಗಳೂ 'ವಿಷಾದ ವ್ಯಕ್ತಪಡಿಸಿದರು', 'ಕ್ಷಮೆ ಕೇಳಿದರು' ಎಂದು ಬೇರೆ ಬೇರೆಯಾಗಿಯೇ ಬರೆಯುತ್ತವೆ. ಆ ಅಂತರ ಎಲ್ಲರಿಗೂ ಗೊತ್ತು. ಜಲಿಯನ್‌ವಾಲಾ ಬಾಗ್‌ಗೆ ನೂರು ವರ್ಷ ತುಂಬಿದ 2019ರಲ್ಲಿ ಬ್ರಿಟನ್ನಿನ ಪ್ರಧಾನಿ ಕೊಟ್ಟದ್ದೂ ವಿಷಾದವನ್ನೇ.

ಜನ ಸುಮ್ಮನಿರಲಿಲ್ಲ. 2000ದ ಮೇ 28ರಂದು ಸಿಡ್ನಿಯ ಹಾರ್ಬರ್ ಸೇತುವೆಯ ಮೇಲೆ ಸುಮಾರು ಎರಡೂವರೆ ಲಕ್ಷ ಜನ ನಡೆದರು. ಮೇಲೆ ವಿಮಾನವೊಂದು ಬಿಳಿ ಹೊಗೆಯಲ್ಲಿ ಆ ಒಂದೇ ಪದವನ್ನು ಆಕಾಶದಲ್ಲಿ ಬರೆಯಿತು. ಸರ್ಕಾರದ ಬಾಯಿಂದ ಅದು ಬರಲು ಇನ್ನೂ ಎಂಟು ವರ್ಷ ಬೇಕಾಯಿತು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಂಗಲಾ ಫೇಜೊ ಎಂಬ ವೃದ್ಧೆಯ ಕತೆ ಹೇಳಿದರು. 1932ರ ಸುಮಾರಿಗೆ ಆಕೆಗೆ ನಾಲ್ಕು ವರ್ಷ. ಮಕ್ಕಳನ್ನು ಹಿಡಿಯಲು ಬರುತ್ತಾರೆಂಬ ಭಯಕ್ಕೆ ಮನೆಯವರು ಹಳ್ಳದ ದಂಡೆಯಲ್ಲಿ ಮಕ್ಕಳು ಅಡಗಲು ಗುಂಡಿ ತೋಡಿಟ್ಟಿದ್ದರು. ಆದರೂ ಲಾರಿ ಬಂತು, ಮಕ್ಕಳು ಸಿಕ್ಕಿಬಿದ್ದರು. ಆಕೆ ತಾಯಿಯನ್ನು ಮತ್ತೆಂದೂ ನೋಡಲಿಲ್ಲ. ಆ ಗುಂಡಿಗಳನ್ನು ತೋಡಿದ ಕೈಗಳನ್ನು ನೆನೆದರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ. ಅವತ್ತು ಸಂಸತ್ತು ಸಾರಿ ಎಂದಾಗ ಅಂಗಳದಲ್ಲಿ ನೆರೆದವರು ಒಬ್ಬರನ್ನೊಬ್ಬರು ತಬ್ಬಿ ಅತ್ತರು.

ನನ್ನ ಅಕ್ಕನ ಮಗ ಶಾಲೆಯಲ್ಲಿ ಇದನ್ನೆಲ್ಲ ಓದಿದವನು. ಹನ್ನೊಂದನೆಯ ದಿನದ ಕಾರ್ಯ ಮುಗಿದು ಹಿತ್ತಲಿನಲ್ಲಿ ಕುಳಿತಿದ್ದಾಗ ಹೇಳಿದ: "ಮಾಮ, ಅಲ್ಲಿಯ ಮೂಲನಿವಾಸಿಗಳು ಸಾವಿನ ಮನೆಯ ಆಚರಣೆಗೆ ಸಾರಿ ಬಿಸಿನೆಸ್ ಎನ್ನುತ್ತಾರೆ. ಆ ದಿನಗಳಲ್ಲಿ ಬೇರೆ ಕೆಲಸ ಏನೂ ಇಲ್ಲ. ದೂರದಿಂದ ಎಲ್ಲರೂ ಬರುತ್ತಾರೆ. ಎಷ್ಟೋ ಕಡೆ ಸತ್ತವರ ಹೆಸರನ್ನೂ ಹೇಳುವುದಿಲ್ಲ." ನಾನು ಬೆರಗಾದೆ. ತಮ್ಮದಲ್ಲದ ಭಾಷೆಯಿಂದ ಎತ್ತಿಕೊಂಡ ಪದದಲ್ಲಿ ಅದರ ಸಾವಿರ ವರ್ಷದ ಹಿಂದಿನ ಅರ್ಥಕ್ಕೆ ಹತ್ತಿರವಾದದ್ದನ್ನು ಉಳಿಸಿಕೊಂಡವರು ಅವರು. ಹೊವಾರ್ಡ್ ಆ ಪದದಲ್ಲಿ ಕಂಡದ್ದು ಅಪರಾಧ. ಮೂಲನಿವಾಸಿಗಳು ಕೇಳುತ್ತಿದ್ದದ್ದು ಜೊತೆಗೆ ಕುಳಿತು ಅಳುವುದನ್ನೂ ಆಗಿತ್ತು ಎಂದು ನನಗೆ ಹೊಳೆದದ್ದು ಆಗಲೇ.

ಅವನು ಊರಿಗೆ ಮರಳಿದ ದಿನ ಸಂಜೆ ಚಿಕ್ಕಮ್ಮ ದೀಪ ಹಚ್ಚಿ ಬಂದು ಕೇಳಿದರು: "ಆ ಮಗು ಯಾಕೆ ನನಗೆ ಸಾರಿ ಎಂದಿತು? ಯಾರಾದರೂ ಏನಾದರೂ ಅಂದರೇ ಅವನಿಗೆ?" ನಾನು ತಿಳಿದಷ್ಟನ್ನು ಹೇಳಿದೆ. ಆ ಪದದೊಳಗೆ ಇರುವುದು ತಪ್ಪಲ್ಲ, ನೋವು ಎಂದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಹಳ ಹೊತ್ತು ಸುಮ್ಮನಿದ್ದರು.

"ಹಾಗಾದರೆ ನಾನೂ ಅವನಿಗೆ ಹೇಳಬೇಕಾಗಿತ್ತು" ಎಂದರು. "ಅವನಿಗೂ ಅಜ್ಜ ತಾನೇ ಹೋದದ್ದು."