ಗರಿ ನೋಡಿ ಹೆಸರಿಡೋ ಮುಂಚೆ

ಮಿನಿಯಾಪೊಲಿಸ್‌ಗೆ ಬಂದು ಹನ್ನೊಂದು ವರ್ಷ ಆಯ್ತು. ಇಲ್ಲಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಡಬ್ಬದ ತುಂಬ ಫೋಟೋ ಕಾರ್ಡ್ ಇಟ್ಟಿರ್ತಾರೆ, ಹೋದ ತಿಂಗಳು ಅದ್ರಲ್ಲಿ ಒಂದು ಕೈಗೆ ಸಿಕ್ತು, ವಯಸ್ಸಾದ ಗಂಡಸು, ತಲೆ ಮೇಲೆ ಹದ್ದಿನ ಗರಿಗಳ ದೊಡ್ಡ ಮುಡಿ, ಪ್ರತಿ ಗರಿಯ ಬುಡಕ್ಕೂ ಬಟ್ಟೆ ಸುತ್ತಿ ದಾರ ಬಿಗಿದಿದ್ದಾರೆ, ಕಿವಿ ಪಕ್ಕ ಬಿಳಿ ತುಪ್ಪಳದ ಪಟ್ಟಿ ಇಳಿಬಿದ್ದಿದೆ. ಕೆಳಗೆ ಬರೀ ‘ಸೂ ಚೀಫ್’ ಅಂತ, ಅಂದ್ರೆ ಅಮೆರಿಕದ ಸೂ ಅನ್ನೋ ಮೂಲನಿವಾಸಿ ಜನರ ಮುಖಂಡ. ಹೆಸರಿಲ್ಲ, ಊರಿಲ್ಲ.

ನೋಡ್ತಿದ್ದಂಗೆ ನಮ್ಮ ತಾತನ ಫೋಟೋ ನೆನಪಾಯ್ತು. ಜರಿ ಪೇಟ, ಕೋಟು, ಪಕ್ಕದಲ್ಲಿ ಹೂದಾನಿ. ಚಿಕ್ಕವನಾಗಿದ್ದಾಗ ತಾತ ಅರಮನೇಲಿ ದೊಡ್ಡ ಕೆಲಸದಲ್ಲಿದ್ರು ಅಂದ್ಕೊಂಡಿದ್ದೆ. ಅಜ್ಜಿ ಹೇಳಿದ್ದು, “ಅಯ್ಯೋ ಕಂದ, ಆ ಪೇಟ, ಕೋಟು ಎಲ್ಲ ಸ್ಟುಡಿಯೋದವ್ರದ್ದು ಕಣೋ.” ಅಜ್ಜಿ ಇಲ್ದೇ ಹೋಗಿದ್ರೆ ಯಾರೋ ಅದರ ಕೆಳಗೆ ‘ಮೈಸೂರು ದರ್ಬಾರಿನ ಅಧಿಕಾರಿ’ ಅಂತ ಬರೆದುಬಿಡ್ತಿದ್ರು.

ಇಲ್ಲೂ ಅದೇ ಆಗಿರೋದು. ಸೂ ಅಂತ ಕರೆಸ್ಕೊಳೋ ಲಕೋಟಾ ಜನರಲ್ಲಿ ಹದ್ದಿನ ಗರಿ ಅಂದ್ರೆ ಗಳಿಸಿದ್ದು, ಧೈರ್ಯದ ಕೆಲಸಕ್ಕೆ ಸಿಕ್ಕಿದ್ದು. ಇವತ್ತಿಗೂ ಪೌವೌ ಅನ್ನೋ ಮೂಲನಿವಾಸಿಗಳ ಕೂಟದ ಕುಣಿತದಲ್ಲಿ ಒಂದು ಗರಿ ನೆಲಕ್ಕೆ ಬಿದ್ರೆ ಕುಣಿತ ನಿಲ್ಲಿಸಿ ವಿಧಿ ಪ್ರಕಾರನೇ ಎತ್ಕೋತಾರೆ. ಆದ್ರೆ ಕ್ಯಾಮೆರಾ ಮುಂದೆ ಬಂದ ಗರಿಮುಡಿಯ ಕತೆ ಬೇರೆ. ಮೂಲನಿವಾಸಿಗಳ ಫೋಟೋ ತೆಗೆದ ಎಡ್ವರ್ಡ್ ಕರ್ಟಿಸ್ ತಾವೇ ಬಟ್ಟೆಬರೆ ಒಯ್ದು ಜನಕ್ಕೆ ತೊಡಿಸಿದ್ದುಂಟು. 1927ರಲ್ಲಿ ಸೌತ್ ಡಕೋಟದ ಡೆಡ್‌ವುಡ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೂಲಿಡ್ಜ್ ಅವ್ರ ತಲೆಗೂ ಗರಿಮುಡಿ ಇಟ್ಟು ಗೌರವಿಸಿದ್ರು, ಆ ಫೋಟೋ ಈಗ್ಲೂ ಇದೆ, ನಮ್ಮಲ್ಲಿ ಸಭೆಗೆ ಬಂದ ಅತಿಥಿಗೆ ಪೇಟ ತೊಡಿಸ್ತೀವಲ್ಲ ಹಂಗೆ. ಶಾಯೆನ್, ಕ್ರೋ ಅನ್ನೋ ಬೇರೆ ಬುಡಕಟ್ಟಿನ ಜನಾನೂ ಗರಿಮುಡಿ ಹಾಕ್ತಿದ್ರು, ಹಂಗಾಗಿ ಗರಿ ಕಂಡ ತಕ್ಷಣ ಚೀಫ್ ಅನ್ನೋದೂ ತಪ್ಪು, ಸೂ ಅನ್ನೋದೂ ತಪ್ಪಾಗಬಹುದು. ಆ ಸೂ ಅನ್ನೋ ಪದಾನೇ ಪಕ್ಕದ ಒಜಿಬ್ವೆ ಜನರ ಮಾತಿಂದ ಫ್ರೆಂಚರ ಬಾಯಿಗೆ ಬಂದಿದ್ದು, ಇವ್ರು ತಮ್ಮನ್ನ ತಾವು ಲಕೋಟಾ, ಡಕೋಟಾ ಅಂತಾನೇ ಕರ್ಕೊಳೋದು.

ಹಾಗಂತ ಗರಿಮುಡಿ ಬರೀ ವೇಷ ಅಂತ ತಳ್ಳಿಹಾಕೋದೂ ನಂಗೆ ಒಪ್ಪಿಗೆ ಇಲ್ಲ. 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಗರ್ಟ್ರೂಡ್ ಕೇಸಬಿಯರ್ ಅನ್ನೋ ಫೋಟೋಗ್ರಾಫರ್, ಬಫೆಲೋ ಬಿಲ್‌ನ ‘ವೈಲ್ಡ್ ವೆಸ್ಟ್’ ಪ್ರದರ್ಶನದ ಕಂಪನಿ ಜೊತೆ ಬಂದಿದ್ದ ಲಕೋಟಾದವ್ರಾದ ಐರನ್ ಟೇಲ್ ಅವ್ರನ್ನ ಗರಿ ಎಲ್ಲ ತೆಗೆಸಿ ಬರೀ ಮುಖದ ಫೋಟೋ ತೆಗೆದ್ರು. ಕೇಸಬಿಯರ್‌ಗೆ ಅದೇ ‘ನಿಜವಾದ’ ಮನುಷ್ಯ ಅನ್ನಿಸಿತ್ತು. ಐರನ್ ಟೇಲ್ ಆ ಪ್ರಿಂಟ್ ನೋಡಿ ಹರಿದು ಹಾಕಿದ್ರಂತೆ, ಆಮೇಲೆ ಗರಿಮುಡಿ ಹಾಕ್ಕೊಂಡೇ ಇನ್ನೊಂದು ತೆಗೆಸ್ಕೊಂಡ್ರು. ತಾನು ಹೇಗೆ ಕಾಣಬೇಕು ಅಂತ ಅವ್ರಿಗೇ ಗೊತ್ತಿತ್ತು, ಅದನ್ನ ಕೇಳಬೇಕಿತ್ತು ಅಷ್ಟೆ.

ಹೆಸರು ಸಿಕ್ಕಿದ್ರೂ ಕೆಲಸ ಮುಗಿಯಲ್ಲ. ಒಬ್ಬ ಲಕೋಟಾ ಮುಖಂಡನ ಹೆಸರನ್ನ ‘ಯಂಗ್ ಮ್ಯಾನ್ ಅಫ್ರೇಡ್ ಆಫ್ ಹಿಸ್ ಹಾರ್ಸಸ್’, ಕುದುರೆಗೆ ಹೆದರೋ ಹುಡುಗ ಅಂತ ಇಂಗ್ಲಿಷಲ್ಲಿ ಬರೆದಿಟ್ರು, ಲಕೋಟಾದಲ್ಲಿ ಅದರ ಅರ್ಥ ಅವನ ಕುದುರೆ ಕಂಡ್ರೂ ಶತ್ರು ಹೆದರ್ತಾನೆ ಅಂತ! ವೀರನ ಹೆಸರು ಪೂರ್ತಿ ಉಲ್ಟಾ ಆಗೋಯ್ತು. ನಮ್ಮ ಕಡೇನೂ ಇಂಥದ್ದು ನಡೆದಿದೆ, 1909ರಲ್ಲಿ ಬಂದ, ಜಾತಿ ಬುಡಕಟ್ಟುಗಳ ಬಗ್ಗೆ ಥರ್ಸ್ಟನ್ ಸಾಹೇಬರು ಬರೆದ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಎಷ್ಟೋ ಜನರ ಫೋಟೋ ಇದೆ, ಕೆಳಗೆ ಜಾತಿ ಹೆಸರು, ಆ ಮನುಷ್ಯನ ಹೆಸರು ಇಲ್ಲ. ಅವ್ರಿಗೂ ಅಪ್ಪ ಅಮ್ಮ ಹೆಸರಿಟ್ಟಿದ್ರು.

ನಮ್ಮೂರಲ್ಲಿ ಹಳೇ ಫೋಟೋ ತೋರಿಸಿದ್ರೆ ಹಿರಿಯರು ಬಟ್ಟೆ ನೋಡಲ್ಲ, ಮೂಗು, ಕಿವಿ ನೋಡಿ “ಇದು ಯಾರ ಮನೇದು?” ಅಂತಾರೆ. ಲಕೋಟಾದವ್ರಲ್ಲೂ ತಿಯೋಶ್ಪಾಯೆ ಅಂತ ದೊಡ್ಡ ಕುಟುಂಬದ ಲೆಕ್ಕ ಇದೆ, ಪೈನ್ ರಿಡ್ಜ್, ರೋಸ್‌ಬಡ್, ಸ್ಟ್ಯಾಂಡಿಂಗ್ ರಾಕ್ ಅನ್ನೋ ಮೀಸಲು ಪ್ರದೇಶಗಳಲ್ಲಿ ಅವ್ರ ಮೊಮ್ಮಕ್ಕಳು ಮರಿಮಕ್ಕಳು ಇದ್ದಾರೆ, ಮೊದಲು ಕೇಳಬೇಕಾದ್ದು ಅವ್ರನ್ನ.

ನಿಮ್ಮ ಹತ್ರ ಇಂಥ ಕಾರ್ಡ್ ಇದ್ರೆ ದಯವಿಟ್ಟು ಅಂಚು ಕ್ರಾಪ್ ಮಾಡ್ಬೇಡಿ. 1898ರಲ್ಲಿ ಒಮಾಹಾ ಊರಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನದಲ್ಲಿ (ಎಕ್ಸ್‌ಪೊಸಿಷನ್) ರೈನ್‌ಹಾರ್ಟ್ ಸ್ಟುಡಿಯೋದವ್ರು ತೆಗೆದ ಎಷ್ಟೋ ಫೋಟೋಗಳಲ್ಲಿ ನಂಬರು, ಹೆಸರು, ಬುಡಕಟ್ಟು ಎಲ್ಲ ಕೆಳಗಿನ ಅಂಚಲ್ಲೇ ಇರತ್ತೆ. ನನ್ನ ಕಾರ್ಡಲ್ಲಿ ಯಾರೋ ಆ ಅಂಚನ್ನೇ ಕತ್ತರಿಸಿದ್ದಾರೆ, ಎಡಗಡೆ ಒಂದು ಅಂಕಿಯ ಮೇಲ್ಭಾಗ ಮಾತ್ರ ಉಳ್ಕೊಂಡಿದೆ, 3 ಇರಬಹುದು, 8 ಇರಬಹುದು.