ಕೀಲಿ ಹಾಕಿದೆನೇ?

ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ಸು ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ಹುಬ್ಬಳ್ಳಿಯವರೆಗೆ ಸುಮ್ಮನೆ ಹೊರಗೆ ನೋಡುತ್ತ ಹೋಗೋಣವೆಂದು ಕುಳಿತರೆ, ನವನಗರ ದಾಟುವ ಹೊತ್ತಿಗೆ ತಪ್ಪದೆ ಏಳುವ ಪ್ರಶ್ನೆ ಒಂದೇ: ಮನೆಗೆ ಕೀಲಿ ಹಾಕಿದೆನೇ? (ಬೆಂಗಳೂರಿನವರ ಬೀಗ ನಮಗೆ ಕೀಲಿ; ಅವರ ಕೀಲಿ ನಮಗೆ ಕೀಲಿಕೈ.) ಹಾಕಿದ ನೆನಪೇನೋ ಇರುತ್ತದೆ. ಆದರೆ ದಿನವೂ ಒಂದೇ ತೆರನಾಗಿ ಮಾಡುವ ಕೆಲಸದ ನೆನಪಿಗೆ ತಾರೀಖು ಇರುವುದಿಲ್ಲವಾದ್ದರಿಂದ, ಅದು ಇಂದಿನದೋ ನಿನ್ನೆಯದೋ ಹೇಳಲಾಗದು.

ಒಮ್ಮೆ ಉಣಕಲ್ಲಿನಲ್ಲಿ ಇಳಿದು ಮರಳಿ ಬಂದೆ. ಕೀಲಿ ಹಾಕಿಯೇ ಇತ್ತು. ಅಂದಿನಿಂದ ಹೊರಡುವಾಗ ಮೂರು ಸಲ ಜಗ್ಗಿ ನೋಡುವ ರೂಢಿಯಾಯಿತು. ಆಮೇಲೆ ಜಗ್ಗಿದ್ದು ಎರಡು ಸಲವೋ ಮೂರು ಸಲವೋ ಎಂಬ ಸಂಶಯ ಹುಟ್ಟಿತು. ಕೊನೆಗೆ ಮೊಬೈಲಿನಲ್ಲಿ ಕೀಲಿಯ ಫೋಟೋ ತೆಗೆದಿಟ್ಟುಕೊಂಡೆ. ಫೋಟೋ ತೆಗೆದ ಮೇಲೆ, ಮರೆತ ಕನ್ನಡಕಕ್ಕಾಗಿ ಬಾಗಿಲು ತೆರೆದು ಮತ್ತೆ ಒಳಗೆ ಹೋಗಿದ್ದೆನಲ್ಲ ಎಂಬುದು ಬಸ್ಸಿನಲ್ಲಿ ನೆನಪಾಯಿತು. ಸಾಕ್ಷಿಗೊಂದು ಸಾಕ್ಷಿ, ಅದಕ್ಕೆ ಮತ್ತೊಂದು ಸಾಕ್ಷಿ: ನಮ್ಮ ತರ್ಕಶಾಸ್ತ್ರದವರು ಅನವಸ್ಥೆ ಎಂದು ಕರೆದ ದೋಷ ಇದೇ.

ಹಾಗೆಂದು ಅವರು ಸಂಶಯವನ್ನು ಹೀಗಳೆದವರಲ್ಲ. ಅವರ ಶಾಸ್ತ್ರವಾದ ನ್ಯಾಯದರ್ಶನ ಎಣಿಸುವ 16 ಪದಾರ್ಥಗಳಲ್ಲಿ, ಎಂದರೆ ತಿಳಿಯಬೇಕಾದ ವಿಷಯಗಳಲ್ಲಿ, ಸಂಶಯಕ್ಕೂ ಒಂದು ಸ್ಥಾನವಿದೆ. ಮಬ್ಬಿನಲ್ಲಿ ದೂರದಲ್ಲಿ ಕಾಣುವುದು ಮೋಟುಮರವೋ ಮನುಷ್ಯನೋ ಎಂಬುದು ಅವರ ಹಳೆಯ ಉದಾಹರಣೆ. ಮರವನ್ನೂ ಮನುಷ್ಯನನ್ನೂ ಮೊದಲೇ ಬಲ್ಲವನಿಗೆ ಮಾತ್ರ ಆ ಸಂಶಯ ಬರಲು ಸಾಧ್ಯ. ಈ ಪಂಥದವನೇ ಆದ 10ನೆಯ ಶತಮಾನದ ಉದಯನ, ಸಂಶಯಿಸುವವನ ಸ್ವಂತ ನಡವಳಿಕೆಗೇ ವಿರೋಧ ಬಂದಲ್ಲಿ ಸಂಶಯದ ಗಡಿ ಬಂತು ಎಂದ. ಹೊಗೆಗೆ ಬೆಂಕಿಯೇ ಕಾರಣವೇ ಎಂದು ವಾದಿಸುವವನೂ ಹೊಗೆ ಬೇಕಾದಾಗ ಬೆಂಕಿಯನ್ನೇ ಹೊತ್ತಿಸುತ್ತಾನೆ ಎಂದು ಮುಂದೆ ಅದೇ ಪಂಥದ ಗಂಗೇಶ ಅದನ್ನು ಬಿಡಿಸಿ ಹೇಳಿದ. ಇವರಿಬ್ಬರ ನಡುವೆ ಬಂದ ವೇದಾಂತಿ ಶ್ರೀಹರ್ಷ, ಸಂಶಯವೇ ಇಲ್ಲದಿದ್ದರೆ ವಿರೋಧ ಯಾವುದರೊಡನೆ ಎಂದು ಉದಯನನ ಮಾತನ್ನು ಅವನ ಮೇಲೆಯೇ ತಿರುಗಿಸಿದ್ದನಾದರೂ, ಉಣಕಲ್ಲಿನಲ್ಲಿ ಇಳಿದವನ ಪಾಡಿಗೆ ಉದಯನನ ಮಾತೇ ಹತ್ತಿರ. ಅಂದು ನಾನು ಕೀಲಿಯನ್ನು ಸಂಶಯಿಸಿದೆನೇ ಹೊರತು, ಧಾರವಾಡದ ಬಸ್ಸು ಧಾರವಾಡಕ್ಕೆ ಹೋಗುತ್ತದೆಂಬುದನ್ನಾಗಲಿ, ಮನೆ ಬಿಟ್ಟಲ್ಲೇ ಇದೆಯೆಂಬುದನ್ನಾಗಲಿ, ಕಿಸೆಯಲ್ಲಿರುವುದು ಆ ಮನೆಯದೇ ಕೀಲಿಕೈ ಎಂಬುದನ್ನಾಗಲಿ ಸಂಶಯಿಸಲಿಲ್ಲ. ಇವನ್ನೂ ಸಂಶಯಿಸಿದ್ದರೆ ಮರಳುವ ಬಸ್ಸನ್ನೇ ಹತ್ತುತ್ತಿರಲಿಲ್ಲ.

1951ರಲ್ಲಿ ತೀರಿಕೊಂಡ ತತ್ತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಸಾಯುವ ಎರಡು ದಿನ ಮುಂಚಿನವರೆಗೂ ಈ ವಿಷಯವನ್ನೇ ಬರೆದಿಡುತ್ತಿದ್ದ. ಬಾಗಿಲು ತಿರುಗಬೇಕಾದರೆ ಬಿಜಾಗರಿಗಳು ಅಲುಗಾಡದೆ ನಿಂತಿರಬೇಕು, ನಮ್ಮ ಪ್ರಶ್ನೆಗಳಿಗೂ ಅಂಥ ಬಿಜಾಗರಿಗಳಿವೆ ಎಂಬುದು ಅವನ ಹೋಲಿಕೆ. ಕೀಲಿಯೊಂದನ್ನೇ ಕಾಡುವ ನನ್ನಂಥವನಿಗೆ ಇದು ಒಪ್ಪುವ ಮಾತು. ಆದರೆ ಧಾರವಾಡದ ಮಳೆಗಾಲದಲ್ಲಿ ಕದ ಉಬ್ಬಿ ಕೂತಾಗ ಬಿಜಾಗರಿಯನ್ನೂ ಬಿಚ್ಚಬೇಕಾಗುತ್ತದೆ. ಆಗ ಕದವನ್ನು ಗೋಡೆಗೆ ಆನಿಸಿಡುತ್ತೇವೆ, ಗೋಡೆ ನಿಂತಿದೆಯೇ ಎಂದು ಕೇಳುವುದಿಲ್ಲ.

ಕಳೆದ ತಿಂಗಳು ನಾನು ಮೂರನೆಯ ಸಲ ಜಗ್ಗುತ್ತಿದ್ದಾಗ ನೆರೆಮನೆಯ ಅಜ್ಜಿ ಕಟ್ಟೆಯ ಮೇಲಿಂದಲೇ, “ದಿನಾ ಹಿಂಗ ಜಗ್ಗಿದ್ರ ಕಳ್ಳ ಬರೂದೇನೂ ಬ್ಯಾಡೋ ತಮ್ಮಾ, ನೀನ ಕಿತ್ತಿಡ್ತಿ” ಎಂದರು. ಬಗ್ಗಿ ನೋಡಿದರೆ ಕೊಂಡಿಯ ಎರಡು ಸ್ಕ್ರೂ ಅರ್ಧ ಹೊರಗೆ ಬಂದು, ಕಟ್ಟಿಗೆಯ ತೂತು ಅಗಲವಾಗಿ ಹುಡಿ ಉದುರುತ್ತಿತ್ತು. ಇಷ್ಟು ದಿನ ಭದ್ರವಾಗಿದ್ದ ಬಾಗಿಲನ್ನು ಭದ್ರವಿದೆಯೇ ಎಂದು ನೋಡಿ ನೋಡಿಯೇ ಸಡಿಲ ಮಾಡಿದ್ದೆ.

ಬಡಿಗೇರರು ಬಂದು, ತೂತಿಗೆ ಕಟ್ಟಿಗೆಯ ಬೆಣೆ ಬಡಿದು, ಉದ್ದನೆಯ ಸ್ಕ್ರೂ ತಿರುವಿ, “ಗಟ್ಟಿ ಆತ್ರಿ, ಬೇಕಿದ್ರ ಜಗ್ಗಿ ನೋಡ್ರಿ” ಎಂದರು. ಅಜ್ಜಿ ನೋಡುತ್ತಿದ್ದರು. ಬೇಡವೆಂದು ಹಣ ಕೊಟ್ಟು ಕಳಿಸಿದೆ. ಅಜ್ಜಿ ಒಳಗೆ ಹೋದ ಮೇಲೆ, ಒಂದೇ ಸಲ, ಮೆಲ್ಲಗೆ ಜಗ್ಗಿದೆ.