ಹಳೇ ಚಿಪ್ ಮೇಲಿನ ನಂಬರ್ ಪೂರ್ತಿ ಬರೆದುಕೊಳ್ಳಿ, ದಯವಿಟ್ಟು

ಹಳೇ ಕಂಪ್ಯೂಟರ್ ಬಿಡಿಭಾಗಗಳ ಮೇಲೆ ಅಚ್ಚಾಗಿರುವ ಪುಟ್ಟ ಕೋಡ್‌ಗಳನ್ನು ಜನ ಅರ್ಧಕ್ಕೇ ಕತ್ತರಿಸಿ ಬರೆಯುತ್ತಾರಲ್ಲ, ಅದನ್ನು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ. "ಸೀರಿಯಲ್ ಕಾರ್ಡ್‌ನಲ್ಲಿ 16550 ಇದೆ, ಆದರೂ ಡೇಟಾ ಯಾಕೆ ಕಳೆದುಹೋಗುತ್ತಿದೆ?" ಅಂತ ಕೇಳುತ್ತಾರೆ. 16550 ಅನ್ನುವುದು ಮೋಡೆಮ್‌ನಂಥ ಸಾಧನಗಳ ಜೊತೆ ಡೇಟಾ ಸಾಗಿಸುವ ಸೀರಿಯಲ್ ಪೋರ್ಟ್ ನಡೆಸುವ ಚಿಪ್. 16550 ಸರಿ, ಕೊನೆಯಲ್ಲಿ ಒಂದು ಎ ಇದೆಯೋ ಇಲ್ಲವೋ? ಉತ್ತರ ಅಲ್ಲೇ ಇರಬಹುದು.

1981ರ ಐಬಿಎಂ ಪಿಸಿಯ ಸೀರಿಯಲ್ ಪೋರ್ಟ್‌ಗೆ ಬಳಸಿದ್ದು 8250 ಚಿಪ್. ಬಂದ ಬೈಟ್‌ಗಳಲ್ಲಿ ಒಂದನ್ನು ಮಾತ್ರ ಅದು ಹಿಡಿದಿಟ್ಟುಕೊಳ್ಳುತ್ತಿತ್ತು. ಪ್ರೊಸೆಸರ್ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡು ಸ್ವಲ್ಪ ತಡ ಮಾಡಿತೋ, ಮುಂದಿನ ಬೈಟ್ ಬಂದು ಹಳೆಯದರ ಜಾಗದಲ್ಲಿ ಕೂರುತ್ತಿತ್ತು, ಹಳೆಯದು ಹೋಗೇಬಿಡುತ್ತಿತ್ತು. ಮೋಡೆಮ್‌ಗಳು ನಿಧಾನವಾಗಿದ್ದಾಗ ಹೇಗೋ ನಡೆಯಿತು. ವೇಗ ಏರಿದ ಮೇಲೆ ದೊಡ್ಡ ತಲೆನೋವಾಯಿತು. ಅದಕ್ಕೇ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿ 16 ಬೈಟ್ ಸಾಲಾಗಿ ಕಾಯಬಲ್ಲ ಬಫರ್ ಇಟ್ಟು 16550 ಮಾಡಿತು. ಆದರೆ ಮೊದಲು ಬಂದ ಚಿಪ್‌ನಲ್ಲಿ ಆ ಬಫರ್‌ನಲ್ಲೇ ದೋಷ, ನಂಬಿ ಬಳಸುವ ಹಾಗಿರಲಿಲ್ಲ. ಅದನ್ನು ಸರಿಪಡಿಸಿ ಬಿಟ್ಟಿದ್ದೇ 16550ಎ. ಯಾವ ಕಾರಣಕ್ಕೆ ಆ ಚಿಪ್ ಹುಟ್ಟಿತೋ ಆ ಕೆಲಸ ನೆಟ್ಟಗೆ ನಡೆಯುತ್ತದೋ ಇಲ್ಲವೋ ಅನ್ನುವುದನ್ನು ಒಂದೇ ಒಂದು ಅಕ್ಷರ ಹೇಳುತ್ತದೆ. ನಾವು ಅದನ್ನೇ ಬಿಟ್ಟು ಬರೆದರೆ ಹೇಗೆ?

ಈ ಕೋಡ್‌ಗಳು ಸುಮ್ನೆ ಹಾಕಿದವಲ್ಲ. ತುಂಬಾ ಕೋಡ್‌ಗಳಲ್ಲಿ ಅಳತೆಯೇ ಅಡಗಿರುತ್ತದೆ. ಮದರ್‌ಬೋರ್ಡ್‌ನ ಗಡಿಯಾರ ನಡೆಸುವ ನಾಣ್ಯದಂಥ ಸೆಲ್ ಇದೆಯಲ್ಲ, ಸಿಆರ್2032, ಅದರ ಅಗಲ 20 ಮಿಲಿಮೀಟರ್, ದಪ್ಪ 3.2. ಸಿಆರ್2025 ಅಂದರೆ ಅದೇ ಅಗಲ, ದಪ್ಪ 2.5. ವೋಲ್ಟೇಜ್ ಎರಡಕ್ಕೂ ಒಂದೇ, ಹಾಗಂತ 2025 ಸೆಲ್ಲನ್ನು 2032ರ ಜಾಗಕ್ಕೆ ತುರುಕಿದರೆ ಸಡಿಲವಾಗಿ ಕೂತು ಸರಿಯಾಗಿ ತಾಗದೇ ಇರಬಹುದು. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಓಡುವ ಪ್ರೋಗ್ರಾಮ್, ಅಂದರೆ ಬಯಾಸ್, ಇಡುತ್ತಿದ್ದ ಇಪ್ರಾಮ್ ಅನ್ನುವ ಮೆಮೊರಿ ಚಿಪ್ ತಗೊಳ್ಳಿ. 2764 ಅಂದರೆ 64 ಕಿಲೋಬಿಟ್, ಅಂದರೆ 8 ಕಿಲೋಬೈಟ್. 27256 ಅಂದರೆ 32 ಕಿಲೋಬೈಟ್. ಕೈಪಿಡಿ ಕಳೆದುಹೋಗಿದ್ದರೂ ಚಿಪ್ ತಾನೇ ತನ್ನ ಲೆಕ್ಕ ಒಪ್ಪಿಸುತ್ತದೆ. ಇಂಥ ಹೆಸರಿಟ್ಟ ಎಂಜಿನಿಯರ್‌ಗಳ ಬಗ್ಗೆ ನನಗೆ ನಿಜವಾಗಿ ಗೌರವ.

ಮಾರಾಟಕ್ಕೆ ಅಂತ ಹೆಸರಿಟ್ಟ ಕಡೆ ಮಾತ್ರ ಈ ನಂಬಿಕೆ ಕೆಡುತ್ತದೆ. ಇಂಟೆಲ್‌ನ 386ಎಸ್ಎಕ್ಸ್‌ನಲ್ಲಿ ಎಸ್ಎಕ್ಸ್ ಅಂದರೆ ಪ್ರೊಸೆಸರ್ ಒಳಗೆ 32 ಬಿಟ್, ಹೊರಗೆ ಡೇಟಾ ಓಡಾಡುವ ದಾರಿ, ಅಂದರೆ ಡೇಟಾ ಬಸ್, ಮಾತ್ರ 16 ಬಿಟ್. 486ಎಸ್ಎಕ್ಸ್‌ಗೆ ಬಂದರೆ ಬಸ್ 32 ಬಿಟ್ಟೇ ಇದೆ, ಆದರೆ ದಶಮಾಂಶದ ಲೆಕ್ಕ ಮಾಡುವ ಭಾಗ ಸಿಗುವುದಿಲ್ಲ. ಅದೇ ಎರಡಕ್ಷರ, ಕೊರತೆ ಬೇರೆ! 486ರಲ್ಲೇ ಡಿಎಕ್ಸ್2 ಅಂದರೆ ಪ್ರೊಸೆಸರ್ ಬಸ್ಸಿನ ಎರಡರಷ್ಟು ವೇಗದಲ್ಲಿ ಓಡುತ್ತದೆ. ಹಾಗಾದರೆ ಡಿಎಕ್ಸ್4 ನಾಲ್ಕರಷ್ಟು ಅಂದುಕೊಳ್ಳುವುದು ಸಹಜ ಅಲ್ವಾ? ಅಲ್ಲ, ಮೂರರಷ್ಟು. ದುಡ್ಡು ಕೊಟ್ಟವರು ದಾರಿ ತಪ್ಪಲಿ ಅಂತಲೇ ಇಟ್ಟ ಹಾಗಿದೆ ಅನ್ನುವುದು ನನ್ನ ಅಭಿಪ್ರಾಯ. ಇನ್ನು 386 ಅನ್ನುವ ಸಂಖ್ಯೆಯನ್ನು ಬೇರೆ ಕಂಪನಿಗಳು ಬಳಸದಂತೆ ತಡೆಯಲು ಇಂಟೆಲ್‌ಗೆ ಕೋರ್ಟ್‌ನಲ್ಲಿ ಆಗಲಿಲ್ಲ, ಹಾಗಾಗಿ 1993ರಲ್ಲಿ 586ರ ಬದಲು ಪೆಂಟಿಯಮ್ ಬಂತು. ಹೆಸರು ಚೆನ್ನಾಗಿದೆ, ಆದರೆ ಅದನ್ನು ಓದಿ ಏನೂ ತಿಳಿಯುವುದಿಲ್ಲ.

ಎಲ್ಲದಕ್ಕೂ ಜಗಳಕ್ಕೆ ನಿಲ್ಲಬೇಕು ಅಂತ ನಾನು ಹೇಳುತ್ತಿಲ್ಲ. 9 ಪಿನ್‌ಗಳ ಸೀರಿಯಲ್ ಕನೆಕ್ಟರ್‌ಗೆ ಎಲ್ಲರೂ ಡಿಬಿ-9 ಅನ್ನುತ್ತಾರೆ. ಲೆಕ್ಕದ ಪ್ರಕಾರ ಅದು ಡಿಇ-9, ಯಾಕೆಂದರೆ ಎರಡನೇ ಅಕ್ಷರ ಹೊರಕವಚದ ಅಳತೆ ಹೇಳುತ್ತದೆ, ಬಿ ಅನ್ನುವುದು 25 ಪಿನ್ ಹಿಡಿಸುವ ದೊಡ್ಡ ಕವಚ. ಆದರೆ ಡಿಬಿ-9 ಅಂದರೆ ಯಾವುದು ಅಂತ ಎಲ್ಲರಿಗೂ ಗೊತ್ತು, ಯಾರೂ ತಪ್ಪು ಕೇಬಲ್ ತರುವುದಿಲ್ಲ. ಅಂಥ ಕಡೆ ಸುಮ್ಮನಿರಬಹುದು. ಬಿಟ್ಟುಹೋದ ಅಕ್ಷರದಿಂದ ಬೇರೆ ಭಾಗವೇ ಕೈಗೆ ಬರುವ ಹಾಗಿದ್ದರೆ ಮಾತ್ರ ಸುಮ್ಮನಿರಬಾರದು.

ಹಾಗಾಗಿ ಯಾರ ಹತ್ತಿರವಾದರೂ ಸಹಾಯ ಕೇಳುವಾಗ ಚಿಪ್ ಮೇಲಿರುವ ಎಲ್ಲಾ ಸಾಲುಗಳನ್ನೂ ಬರೆಯಿರಿ, ಬೇಡದ್ದು ಅನ್ನಿಸಿದ್ದನ್ನೂ. ಅಲ್ಲಿ ಒಂಟಿ ನಾಲ್ಕಂಕಿ ಕಂಡರೆ ಅದು ಹೆಚ್ಚಾಗಿ ತಯಾರಾದ ದಿನದ ಗುರುತು. 8735 ಅಂದರೆ 1987ರ 35ನೇ ವಾರ. ಇಲ್ಲೊಂದು ಗೊಂದಲ ಆಗುತ್ತದೆ, 7432 ಅನ್ನುವುದು ಲಾಜಿಕ್ ಚಿಪ್‌ನ ಹೆಸರೂ ಆಗಬಹುದು, 1974ರಲ್ಲಿ ಮಾಡಿದ ಬೇರೆ ಯಾವುದೋ ಚಿಪ್‌ನ ವಾರವೂ ಆಗಬಹುದು. ಪಕ್ಕದ ಸಾಲು ಇದ್ದರೆ ತಾನೇ ಗೊತ್ತಾಗುವುದು? ಬೆಳಕನ್ನು ಓರೆಯಾಗಿ ಬಿಟ್ಟು ಫೋಟೋ ತೆಗೆಯಿರಿ, ಮಾಸಿದ ಅಕ್ಷರಗಳೂ ಕಾಣುತ್ತವೆ. ಉಜ್ಜಿ ಒರೆಸುವುದು ಆಮೇಲೆ, ಯಾಕೆಂದರೆ ಕೆಲವು ಚಿಪ್‌ಗಳ ಅಚ್ಚು ಕೊಳೆಯ ಜೊತೆಗೇ ಹೋಗಿಬಿಡುತ್ತದೆ. 8 ಇದೆಯೋ ಬಿ ಇದೆಯೋ ಅಂತ ಅನುಮಾನ ಬಂದರೆ ಊಹಿಸಿ ತುಂಬಬೇಡಿ, ಅಲ್ಲಿ ಪ್ರಶ್ನೆ ಚಿಹ್ನೆ ಹಾಕಿ, ಫೋಟೋ ಸಮೇತ ಕೇಳಿ.